‘ಬೇಕು’ ಎನ್ನಲು ಬಾರದವನು

“ನಿಮಗೇನೇನು ಬರ್ತದ್ರಿ?” ಮೇಜಿನ ಆಚೆ ಕೂತು, ಸಾಹೇಬರ ಗತ್ತಿನಲ್ಲಿ ಗುರುದೇವಿ ಕೇಳಿದಳು.

“ನನಗೇನ್ ಬರ್ತದ್ರಿ ಹುಜೂರ್, ಎಲ್ಲಾ ತಮ್ಮ ಮೆಹರ್ಬಾನಿ,” ಎಂದು ಬಸವಂತರಾಯ ತಲೆ ಬಾಗಿಸಿದ.

ಬೆಂಚಿನ ಮೇಲಿದ್ದ ಹುಡುಗರು ಹೋ ಎಂದು ನಕ್ಕರು. ಗುರುದೇವಿಗೂ ನಗು ಬಂದಿತ್ತು. ಆದರೆ ಸಾಹೇಬರು ನಗಬಾರದಲ್ಲ!

1953ರ ಬೇಸಿಗೆ. ವಕೀಲ ಸೂಗಪ್ಪನವರ ಮಗಳು ಗುರುದೇವಿ ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ, ಚಿತ್ತಾಪುರದ ಕನ್ಯಾಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ರಜೆಗೆ ಬಂದ ಯೂನಿವರ್ಸಿಟಿ ಹುಡುಗರಿಗೆ ಅದೇ ಶಾಲೆಯ ಕೋಣೆಯಲ್ಲಿ ಇಂಟರ್ವ್ಯೂ ಎದುರಿಸುವುದನ್ನು ಕಲಿಸುತ್ತಿದ್ದಳು. ಹಳೇ ಸಂಸ್ಥಾನದ ಕಾಲದ ಸಾಹೇಬರು “ನನಗೇನೂ ಬರುವುದಿಲ್ಲ” ಎಂದವನನ್ನೇ ಮರ್ಯಾದಸ್ಥನೆಂದು ಮೆಚ್ಚುತ್ತಿದ್ದರು. ಈಗ ಬಂದಿರುವ ಮದರಾಸು, ಮುಂಬಯಿ ಕಡೆಯ ಸಾಹೇಬರು ಹೇಳಿದ್ದನ್ನು ಹಾಗೇ ನಂಬಿಬಿಡುತ್ತಾರೆ. ರಾವೂರಿನ ಬಸವಂತರಾಯ ಈ ಮರ್ಯಾದೆಯಿಂದಲೇ ಒಂದು ನೌಕರಿ ಕಳೆದುಕೊಂಡಿದ್ದ.

“ಹೋಗ್ಲಿ, ಈ ನೌಕ್ರಿ ನಿಮಗ ಯಾಕ ಬೇಕು?”

“ಕೊಟ್ರ ಮಾಡ್ತೀನ್ರಿ. ಇಲ್ದಿದ್ರ ಬ್ಯಾಸರಿಲ್ಲ.”

ಗುರುದೇವಿಗೆ ರೇಗಿತು. “ಬೇಕು ಅನ್ರಿ! ಬಾಯಿ ತುಂಬ ಅನ್ರಿ!”

ಅವನು ತಲೆಯೆತ್ತಿದ. ಅಲೆದಾಡುವ ಆ ಕಣ್ಣುಗಳು ಮೊದಲ ಬಾರಿಗೆ ಅವಳ ಮುಖದ ಮೇಲೆ ನಿಂತವು.

“ಬೇಕು,” ಎಂದ, ಮೆಲ್ಲಗೆ.

ಅವಳ ಕಿವಿ ಬಿಸಿಯಾಯಿತು. ಏನು ಬೇಕು ಎಂದು ಕೇಳುವ ಧೈರ್ಯ ಸಾಹೇಬರಿಗೆ ಬರಲಿಲ್ಲ.

ಮನೆಯಲ್ಲಿ ಅವಳಿಗೆ ಸೇಡಂನಿಂದ ಗಂಡು ಬಂದಿತ್ತು. ಅಪ್ಪ ಸೋಮವಾರ ಮಾತು ಕೊಡುವವರಿದ್ದರು. ಅದು ಬಸವಂತರಾಯನಿಗೂ ಗೊತ್ತಿತ್ತು. ಗೊತ್ತಿದ್ದೂ ಈ ಪುಣ್ಯಾತ್ಮ ತುಟಿ ಬಿಚ್ಚಲೊಲ್ಲ. ಗುರುದೇವಿಗೆ ಅವನ ಮೇಲೆ ಎಷ್ಟು ಪ್ರೀತಿಯೋ ಅಷ್ಟೇ ಸಿಟ್ಟು.

ಶನಿವಾರದ ಇಂಟರ್ವ್ಯೂ ಮುಗಿಸಿ, ಭಾನುವಾರ ಮಧ್ಯಾಹ್ನ ಅವನು ಗುಲ್ಬರ್ಗಾದ ರೈಲಿನಿಂದ ಇಳಿದು ನೇರ ಶಾಲೆಗೆ ಬಂದ. ಹುಡುಗರೆಲ್ಲ ಹೋಗಿದ್ದರು. ಅವಳು ಬಾಗಿಲಿಗೆ ಬೀಗ ಹಾಕುತ್ತಿದ್ದಳು.

“ನೌಕ್ರಿ ಆತ್ರಿ! ಬೀದರಕ್ಕ ಹಾಕ್ಯಾರ. ಉರ್ದು, ಕನ್ನಡ, ಇಂಗ್ಲಿಷ್ ಬರ್ತಾವ, ಹಿಸಾಬು ಪಕ್ಕಾ ಅದ ಅಂತ ಎದಿ ಉಬ್ಬಿಸಿ ಹೇಳ್ದೆ.”

“ಭಾಳ ಖುಷಿ ಆತು. ಮತ್ತ?”

“ಮತ್ತೇನಿಲ್ರಿ.” ಅವನು ಟೋಪಿಯನ್ನು ಕೈಯಲ್ಲಿ ತಿರುವಿದ. “ಸೇಡಂದವ್ರು ಛಲೋ ಮಂದಿ ಅಂತ ಕೇಳೀನಿ.”

ಬರಿಗಾಲಲ್ಲಿ ಕೆಂಡ ತುಳಿದಂತಾಯಿತು ಅವಳಿಗೆ. ಕೀಲಿ ಬೀಗದಲ್ಲೇ ಉಳಿಯಿತು.

“ಅವ್ರು ಛಲೋ ಇದ್ರ ಇರ್ಲಿ! ನಾ ಅಲ್ಲಿಗೆ ಹೋಗಂಗಿಲ್ಲ. ನನಗ ನೀವು ಬೇಕು. ಕಡೀಗೂ ಕಲಿಸಿದಾಕಿನೇ ಹೇಳಬೇಕಾತು ನೋಡ್ರಿ! ಸಾಹೇಬ್ರ ಮುಂದ ಅಷ್ಟು ಮಾತಾಡಿ ಬಂದೀರಿ, ನನ್ನ ಮುಂದ ಬಾಯಿಗೆ ಏನಾಗಿತ್ತು?”

ಬಸವಂತರಾಯ ಟೋಪಿ ತಿರುವುವುದನ್ನು ನಿಲ್ಲಿಸಿದ.

“ಸಾಹೇಬ್ರು ಇಲ್ಲ ಅಂದಿದ್ರ ಇನ್ನೊಂದು ನೌಕ್ರಿ ಹುಡುಕ್ತಿದ್ದೆ,” ಎಂದ. “ನೀವು ಇಲ್ಲ ಅಂದ್ರ ನಾ ಏನ್ ಮಾಡ್ಬೇಕ್ರಿ?”

ಗುರುದೇವಿಯ ಸಿಟ್ಟೆಲ್ಲ ಕಣ್ಣೀರಾಗಿ ಇಳಿಯಿತು. ಸೆರಗಿನಿಂದ ಒರೆಸಿಕೊಂಡು ನಕ್ಕಳು.

“ನಡೀರಿ, ಅಪ್ಪಾರು ಇನ್ನೂ ಮಾತು ಕೊಟ್ಟಿಲ್ಲ, ಮನ್ಯಾಗೇ ಅದಾರ,” ಎಂದು ಅವಳೇ ಮುಂದೆ ಹೆಜ್ಜೆ ಹಾಕಿದಳು.