ಓದದೆ ಸಹಿ ಹಾಕಬೇಡ

ಇದನ್ನು ಹೇಳಲು ಹೊರಟದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಸಂಕಟಪಟ್ಟವಳು ಅವಳು, ಹೇಳುವ ಅಧಿಕಾರ ನನಗಿದೆಯೋ ಇಲ್ಲವೋ... ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

"ಕೊಡು ಇಲ್ಲಿ!"

ಅವನ ಪೆನ್ನು ಕಾಗದ ಮುಟ್ಟುವ ಮೊದಲೇ ಅವಳು ಅರ್ಜಿಯನ್ನು ಕಿತ್ತುಕೊಂಡಳು. ಔಷಧಿ ಅಂಗಡಿಯ ಕೌಂಟರ್ ಹಿಂದೆ ಅವನು ಬೆರಗಾಗಿ ನಿಂತ.

"ಏನೇ ಇದು? ಸಹಿ ಬೇಕು ಅಂತ ನೀನೇ ಬಂದೆ!"

"ಓದಿ ಹಾಕು."

"ನಿನ್ನ ಬಗ್ಗೆ ಓದೋದೇನಿದೆ? ಎರಡು ವರ್ಷ ಒಂದೇ ಬೆಂಚು..."

ಸಂಜೆ ಕಾಲೇಜಿನ ಫಾರ್ಮಸಿ ತರಗತಿಯಲ್ಲಿ ಅವನದು ಅರಳು ಹುರಿದಂಥ ಮಾತು. ಅದಕ್ಕೇ ಎಲ್ಲರ ಬಾಯಲ್ಲಿ ಅವನು 'ಅರಳು'. ಪ್ರತಿ ಮಾತ್ರೆಯನ್ನೂ ಎರಡೆರಡು ಸಲ ಎಣಿಸುತ್ತಿದ್ದ ಅವಳು 'ಎರಡ್ಸಲ'. ಅವನು ಮೊದಲು ಪಾಸಾಗಿ ನೋಂದಣಿ ಪಡೆದಿದ್ದ. ಒಂದು ವಿಷಯ ಬಾಕಿ ಉಳಿದು ಅವಳಿಗೆ ವರ್ಷ ತಡವಾಗಿತ್ತು. ನೋಂದಣಿ ಇಲ್ಲದೆ ಯಾವ ಅಂಗಡಿಯಲ್ಲೂ ಕೆಲಸವಿಲ್ಲ. ಅದಕ್ಕೆ ಫಾರ್ಮಸಿಸ್ಟ್ ಒಬ್ಬರು ಅವಳ ಬಗ್ಗೆ ಪತ್ರ ಬರೆದು, ಅರ್ಜಿಯ ಒಂದು ಸಾಲಿನ ಕೆಳಗೆ ಸಹಿ ಹಾಕಬೇಕಿತ್ತು: 'ಅರ್ಜಿದಾರರ ಅಪರಾಧದ ವಿವರ ನನಗೆ ಪೂರ್ತಿ ತಿಳಿದಿದೆ.'

ಅಪರಾಧ! ಆ ಪದ ಅವನ ಕಣ್ಣಿಗೇ ಬಿದ್ದಿರಲಿಲ್ಲ.

'ಸುಮ್ಮನಿದ್ದಿದ್ದರೆ ಇಷ್ಟು ಹೊತ್ತಿಗೆ ಸಹಿ ಆಗಿರುತ್ತಿತ್ತು...' ಎಂದುಕೊಂಡಳು ಅವಳು.

"ನನ್ನ ಸಹಿ ಬೇಡ ಅಂದ್ರೆ ನಾನೇ ಬೇಡ ಅಂತ ತಾನೇ?" ಅವನ ಮುಖ ಚಿಕ್ಕದಾಯಿತು. "ಹೋದ ತಿಂಗಳು ಮದುವೆ ವಿಷಯ ಎತ್ತಿದಾಗಲೂ ಹೀಗೇ ಮಾತು ಮರೆಸಿದೆ."

"ಅಲ್ಲ ಕಣೋ!" ಅವಳು ಅರ್ಜಿಯನ್ನು ಕೌಂಟರ್ ಮೇಲಿಟ್ಟಳು. "ಹತ್ತೊಂಬತ್ತನೇ ವಯಸ್ಸಲ್ಲಿ ಡಾಕ್ಟರ ಚೀಟಿ ತಿದ್ದಿದೆ. ಹತ್ತು ನೋವಿನ ಮಾತ್ರೆ ಅಂತಿದ್ದದ್ದನ್ನ ನಲವತ್ತು ಮಾಡಿದೆ. ಮೊದಲನೇ ಸಲ ಅಮ್ಮನಿಗೆ. ಆಮೇಲೆ ಮೂರು ಸಲ... ಮಾರೋಕೆ. ಹನ್ನೊಂದು ತಿಂಗಳು ಜೈಲಲ್ಲಿದ್ದೆ."

ಅರಳು ಪೆನ್ನು ಜೇಬಿಗೆ ಸಿಕ್ಕಿಸಿದ. ಅರ್ಜಿ ತೆಗೆದುಕೊಂಡು ಒಳಗೆ ಹೋಗಿಬಿಟ್ಟ.

ನಾಲ್ಕು ದಿನ ಫೋನಿಲ್ಲ. ಅರ್ಜಿ ಕೊಡಲು ಉಳಿದದ್ದು ಇನ್ನೊಂದೇ ದಿನ. ಅವಳು ಬಟ್ಟೆ ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಕೊಂಡೆ," ಅಕ್ಕ ಗದರಿದಳು. "ದೊಡ್ಡ ಸತ್ಯವಂತೆ!"

"ಅವನು ಬರದಿದ್ರೂ ಪರವಾಗಿಲ್ಲ, ಅಕ್ಕಾ. ಮೋಸ ಒಂದು ಜನ್ಮಕ್ಕೆ ಸಾಕಾಗಿದೆ."

ಪರವಾಗಿಲ್ಲ ಎಂದದ್ದು ಸುಳ್ಳು. ಬೀದಿಯಲ್ಲಿ ಹೆಜ್ಜೆ ಸದ್ದಾದರೆ ಸಾಕು, ಕಿಟಕಿಗೆ ಓಡುತ್ತಿದ್ದಳು.

ಐದನೆಯ ದಿನ ಮಧ್ಯಾಹ್ನ ಅವನೇ ಬಂದ. ಅರ್ಜಿ, ಜೊತೆಗೆ ಪತ್ರ.

"ಓದು. ನಾನೂ ಓದಿಸದೆ ಕೊಡಲ್ಲ."

ಚೀಟಿ ತಿದ್ದಿದ್ದು, ಜೈಲು, ಎಲ್ಲ ಅದರಲ್ಲಿತ್ತು. ಕೊನೆಗೆ: 'ಇವಳು ಇದನ್ನು ಇಷ್ಟು ವರ್ಷ ನನ್ನಿಂದಲೂ ಮುಚ್ಚಿಟ್ಟಿದ್ದಳು. ನನಗೆ ನೋವಾಗಿದೆ. ಆದರೆ ನಾನು ಓದದೆ ಸಹಿ ಹಾಕಲು ಹೊರಟಾಗ ತಡೆದವಳೂ ಇವಳೇ. ನನ್ನ ತಾಯಿಯ ಔಷಧಿಯನ್ನು ಇವಳ ಕೈಯಿಂದ ಪಡೆಯಲು ನನಗೆ ಹಿಂಜರಿಕೆಯಿಲ್ಲ.'

"ಮುಚ್ಚಿಟ್ಟದ್ದನ್ನೂ ಬರೆದಿದ್ದೀಯ..." ಅವಳು ತಲೆಯೆತ್ತಿದಳು. "ಇದನ್ನ ನೋಡಿ ಅರ್ಜಿ ತಳ್ಳಿಹಾಕಿದ್ರೆ?"

"ಪೂರ್ತಿ ತಿಳಿದಿದೆಯಾ ಅಂತ ಕೇಳಿದ್ದಾರೆ. ಪೂರ್ತಿ ಬರೆದೆ. ಆ ಸಾಲು ಬೇಡ ಅಂದ್ರೆ ಹೇಳು, ಬೇರೆ ಬರೀತೀನಿ."

'ಒಂದೇ ಒಂದು ಸಾಲು. ತೆಗೆದರೆ ಯಾರಿಗೆ ಗೊತ್ತಾಗುತ್ತೆ?'

ಅವಳು ಆ ಸಾಲನ್ನೇ ನೋಡುತ್ತ ಕೂತಳು. ಆಮೇಲೆ ಪತ್ರವನ್ನು ಲಕೋಟೆಗೆ ಹಾಕಿ, ಅಂಟಿಸಿಯೇಬಿಟ್ಟಳು.

"ಹೀಗೇ ಹೋಗ್ಲಿ... ನಿನ್ನ ಸಿಟ್ಟು ಇನ್ನೆಷ್ಟು ದಿನ?"

"ಗೊತ್ತಿಲ್ಲ. ನಿನ್ನ ಪಕ್ಕದಲ್ಲಿದ್ದೇ ಸಿಟ್ಟು ಮಾಡ್ಕೋತೀನಿ. ಆಗುತ್ತಾ?"

"ಮದುವೆ ಆದ್ಮೇಲೂ?"

"ಆಮೇಲೆ ಇನ್ನೂ ಜಾಸ್ತಿ ಕಣೇ!"

"ಸರಸ ಆಮೇಲೆ!" ಒಳಗಿಂದ ಅಕ್ಕ ಕೂಗಿದಳು. "ನೋಂದಣಿ ಆಫೀಸಿನ ಬಾಗಿಲು ಹಾಕೋದ್ರೊಳಗೆ ಓಡಿ!"

ಅವಳು ಕಣ್ಣೊರೆಸಿಕೊಳ್ಳುತ್ತ, ಅವನ ಕೈ ಹಿಡಿದು ಓಡಿದಳು.

ನೋಂದಣಿ ಸಿಕ್ಕಿತೇ? ಅರ್ಜಿ ತಲುಪಿತು, ಅಷ್ಟು ಗೊತ್ತು. ಏನು ಉತ್ತರ ಬಂತೆಂಬುದು ನನಗೆ ತಿಳಿಯದು.