ಎಡಸುತ್ತು

ಜುಲೈ 14, 2025, ಸೋಮವಾರ. ತಿಪಟೂರು ತಾಲ್ಲೂಕಿನ ಒಂದು ಠಾಣೆಗೆ ಬೆಳಿಗ್ಗೆಯೇ ಎರಡು ದೂರು ಬಂದವು.

ಮೊದಲನೆಯದು ಬಿಳಿಗೆರೆಯ ಕೊಬ್ಬರಿ ವ್ಯಾಪಾರಿ ರವೀಂದ್ರನದು. ಶೆಡ್ಡಿನಲ್ಲಿದ್ದ ನೀಲಿ ಬೈಕು ಭಾನುವಾರ ಬೆಳಿಗ್ಗೆಯಿಂದ ಕಾಣೆ. ಅದೇ ಊರಿನ ಕೋಮಲಾ ಅವರಿಂದ ಜೂನ್‌ನಲ್ಲಿ ಕೊಂಡದ್ದು. ಆಕೆಯ ಗಂಡ ಸಿದ್ದಾರ್ಥ್ ಮೇ ತಿಂಗಳಲ್ಲಿ ಕಾಮಾಲೆಯಾಗಿ ತೀರಿಕೊಂಡಿದ್ದ. ಸಬ್‌ಇನ್‌ಸ್ಪೆಕ್ಟರ್ ವನಜಾ ಕಳವಿನ ಎಫ್‌ಐಆರ್ ದಾಖಲಿಸಿದರು.

"ಕೀ ಎಲ್ಲಿದೆ?"

"ನನ್ ಜೇಬಲ್ಲೇ ಐತೆ ಮೇಡಂ. ಇನ್ನೊಂದು ಕಳೆದೋಗೈತೆ ಅಂತ ಕೋಮಲಾ ಅಂದಿದ್ರು."

ಎರಡನೆಯದು ಮೇಕೆ ಕಾಯುವ ಭೈರಮ್ಮನದು.

"ಭೂತಪ್ಪನ ಕಲ್ಲಿಗೆ ನಿನ್ನೆ ಬೆಳಿಗ್ಗೆ ಯಾವನೋ ಎಡಸುತ್ತು ಹಾಕವ್ನೆ ಕಣವ್ವ. ದೇವ್ರಿಗೆ ಬಲಕ್ಕೆ ಸುತ್ತಬೇಕು. ಎಡಕ್ಕೆ ಸುತ್ತೋರು ಮಾಟ ಮಾಡೋರೇ."

"ಅವನನ್ನ ಹಿಡಿದ್ರೆ ನಮಗೂ ಮಾಟ ಮಾಡ್ತಾನೆ, ಬುಡು ಅಜ್ಜಿ," ಎಂದ ಕಾನ್‌ಸ್ಟೆಬಲ್ ಭೀಮರಾಜು.

"ನಿನ್ನ ಹೊಟ್ಟೆಗೆ ಯಾವ ಮಾಟ ತಾಗ್ತದ್ಲಾ. ಅವನು ಮೋಟ್ರು ಸೈಕಲ್ಲಲ್ಲಿ ಸುತ್ತಿದ್ದು."

ವನಜಾ ಪೆನ್ನು ಕೆಳಗಿಟ್ಟರು. "ಯಾವ ಬಣ್ಣದ್ದು?"

"ನೀಲಿ. ತಲೆಗೆ ಕುಕ್ಕೆ ಬೋರಲು ಹಾಕ್ಕೊಂಡಂಗಿತ್ತು. ಮಕ ಕಾಣ್ನಿಲ್ಲ."

ಕಲ್ಲು ಇದ್ದದ್ದು ಎರಡು ತೆಂಗಿನ ತೋಟಗಳ ನಡುವಿನ ಬೀಳು ನೆಲದಲ್ಲಿ. ಕಲ್ಲಿನ ಸುತ್ತ ಚಕ್ರದ ಗುರುತಿನ ದಾರಿಯೊಂದಿತ್ತು, ಅದರ ತಿರುವುಗಳ ಅಂಚಿಗೆ ತೆಂಗಿನ ಮಟ್ಟೆಗಳನ್ನು ಸಾಲಾಗಿ ಜೋಡಿಸಲಾಗಿತ್ತು. ಬಲ ತಿರುವು ಎರಡೋ ಮೂರೋ, ಉಳಿದವೆಲ್ಲ ಎಡಕ್ಕೆ.

"ಕುಡಿದು ಓಡಿಸವ್ನೆ ಮೇಡಂ."

"ಕುಡಿದವನು ಪ್ರತಿ ಸುತ್ತೂ ಅದೇ ಗೆರೆ ಮೇಲೆ ಹೋಗಲ್ಲ ಭೀಮರಾಜು."

ಪಂಚರನ್ನು ಕರೆಸಿ ಸ್ಥಳ ಪಂಚನಾಮೆ ಬರೆಸಿದರು. ಬೀಳು ಸಿದ್ದಾರ್ಥ್‌ನ ಜಮೀನೆಂದು ಪಂಚರಿಂದ ತಿಳಿಯಿತು. ಕೋಮಲಾ ಬಂದು ಮಟ್ಟೆಗಳನ್ನು ನೋಡಿದರು.

"ಇದು ಜರ್ಮನಿ ಮೇಡಂ. ಬೈಕ್ ರೇಸಿನ ವರ್ಲ್ಡ್ ಚಾಂಪಿಯನ್‌ಶಿಪ್ಪು. ಅಲ್ಲಿ ಸಾಕ್ಸೆನ್‌ರಿಂಗ್ ಅಂತ, ಎಡ ತಿರುವೇ ಜಾಸ್ತಿಯಂತೆ. ಯಾವ ದೇಶದಲ್ಲಿ ರೇಸೋ, ಆ ಭಾನುವಾರ ಬೆಳಿಗ್ಗೆ ಅಲ್ಲಿನ ಟ್ರ್ಯಾಕು ಇಲ್ಲಿ ಮಾಡೋರು. ನಮ್ಮನೆಯವರೊಂದು ಸಲ, ಅವರ ಗೆಳೆಯ ಈರೇಶಣ್ಣ ಒಂದು ಸಲ ಓಡಿಸೋರು. ಸಾಯಂಕಾಲ ಒಂದೇ ಫೋನಲ್ಲಿ ರೇಸು ನೋಡೋರು. ನಾನು ಕಾಫಿ ಕೊಟ್ರೂ ತಿರುಗಿ ನೋಡ್ತಿರ್ಲಿಲ್ಲ."

"ಇನ್ನೊಂದು ಕೀ ನಿಜವಾಗಿ ಕಳೆದಿದೆಯಾ?"

ಆಕೆ ತಡೆದು ಹೇಳಿದರು. "ಈರೇಶಣ್ಣನ ತಾವ ಐತೆ. ವಾಪಸ್ ಕೇಳಕ್ಕೆ ಬಾಯಿ ಬರ್ಲಿಲ್ಲ."

ಈರೇಶ್ ಕಾಯಿ ಸುಲಿಯುವ ಕೆಲಸದವನು. ತಾಯಿ ಸತ್ತ ಮೇಲೆ ಒಬ್ಬನೇ ಇದ್ದ. ಮನೆಯ ಹಿಂದೆ ಗರಿ ಮುಚ್ಚಿದ್ದ ಬೈಕು ಸಿಕ್ಕಿತು, ತೊಳೆದು ಚೈನಿಗೆ ಎಣ್ಣೆ ಬಿಡಲಾಗಿತ್ತು. ಅವನು ಓಡಲಿಲ್ಲ. ಬೈಕನ್ನು ಜಪ್ತಿ ಮಾಡಿ ಅವನನ್ನು ಠಾಣೆಗೆ ಕರೆತಂದರು.

"ಯಾಕೆ ಕದ್ದೆ?"

"ರವೀಂದ್ರಣ್ಣನ್ನ ಕೇಳ್ದೆ ಮೇಡಂ. ಭಾನುವಾರಕ್ಕೆ ಮಾತ್ರ ಕೊಡಣ್ಣ ಅಂದೆ. ಕಾಯಿ ಸುಲಿಯೋದ್ರಲ್ಲಿ ಚಾಂಪಿಯನ್ ಆಗು ಹೋಗ್ಲಾ ಅಂದ."

"ಭಾನುವಾರ ಮುಗೀತು. ಬಿಟ್ಟುಬರಬಹುದಿತ್ತು."

"ಬರೋ ಭಾನುವಾರ ಬ್ರನೋ ರೇಸು ಐತೆ. ಆಮೇಲೆ ಆಸ್ಟ್ರಿಯಾ. ನವೆಂಬರ್‌ಗೆ ವಲೆನ್ಸಿಯಾ ಆದ್ರೆ ಸೀಸನ್ ಮುಗೀತದೆ. ಮುಗಿಸ್ಕೊಂಡು ತಂದು ನಿಲ್ಲುಸ್ತಿದ್ದೆ."

"ನವೆಂಬರ್‌ವರೆಗೆ ರವೀಂದ್ರ ನಡಕೊಂಡು ಓಡಾಡ್ತಿದ್ನೇನ್ಲಾ?" ಎಂದ ಭೀಮರಾಜು.

ಈರೇಶ್ ಅವನ ಕಡೆ ನೋಡಲಿಲ್ಲ. "ಸಿದ್ದ ಅರ್ಧಕ್ಕೇ ಬುಟ್ಟ. ನಾನಾದ್ರೂ ಮುಗಿಸ್ಬೇಕಿತ್ತು."

ವನಜಾ ಹೇಳಿಕೆ ಬರೆದುಕೊಂಡರು. ತನಿಖೆಗೆ ಬೇಕಿಲ್ಲದ ಒಂದು ಪ್ರಶ್ನೆ ಕೇಳಿದರು.

"ನಿನ್ನೆ ಯಾರು ಗೆದ್ದದ್ದು?"

"ಗೊತ್ತಿಲ್ಲ ಮೇಡಂ. ಬೈಕುಗಳು ಸ್ಟಾರ್ಟಿಗೆ ನಿಂತಿದ್ವು. ಇವತ್ತು ಯಾರು ಗೆಲ್ತಾರ್ಲಾ ಅಂತ ಕೇಳಕ್ಕೆ ಪಕ್ಕಕ್ಕೆ ತಿರುಗ್ದೆ. ಆಮೇಲೆ ಫೋನ್ ಆಫ್ ಮಾಡ್ದೆ."

ಬಂಧನದ ವಿಷಯವನ್ನು ಆರೋಪಿ ಹೇಳಿದ ಒಬ್ಬ ಸಂಬಂಧಿಗೋ ಗೆಳೆಯನಿಗೋ ತಿಳಿಸಬೇಕೆಂದು ಕಾನೂನಿದೆ.

"ಯಾರಿಗೆ ಹೇಳಲಿ ಈರೇಶ್? ಒಂದು ಹೆಸರು ಕೊಡು."

ಅವನು ಥಟ್ಟನೆ ಒಂದು ನಂಬರು ಹೇಳತೊಡಗಿದ. ನಾಲ್ಕನೇ ಅಂಕೆಗೆ ನಿಲ್ಲಿಸಿದ. "ಇದು ಸಿದ್ದನ ನಂಬರು ಮೇಡಂ."