ಗಾಜಿನ ಬೋಗುಣಿಯ ಸಾವು

ಕೆಂಪು ಮೀನು ಸತ್ತಿತ್ತು. ನೀಲಿ ಮೀನು ಇರಲೇ ಇಲ್ಲ!

ಮಧ್ಯಾಹ್ನದ ನಿದ್ದೆಯಿಂದ ಎದ್ದ ವಸುಮತಿ ಕಿಟಕಿಯ ಬಳಿ ಕಲ್ಲಾಗಿ ನಿಂತಳು. ಒಂದು ಬೋಗುಣಿಯಲ್ಲಿ ಕೆಂಪು ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಪಕ್ಕದ ಬೋಗುಣಿಯಲ್ಲಿ ಬರೀ ನೀರು. ಎರಡರಿಂದಲೂ ಎಂಥದೋ ಕೆಟ್ಟ ವಾಸನೆ.

ಬಾಗಿಲಾಚೆ ಹೆಜ್ಜೆಯ ಸಪ್ಪಳವಾಯಿತು. ಇಣುಕಿದಳು. ಗಂಡನ ಅಕ್ಕ ದೇವಕಿ! ಸೆರಗಿನಡಿ ಏನನ್ನೋ ಮುಚ್ಚಿಕೊಂಡು ಹಿತ್ತಲಿಗೆ ಹೋಗುತ್ತಿದ್ದಾಳೆ. ನಡೆದ ದಾರಿಯುದ್ದಕ್ಕೂ ನೀರಿನ ಹನಿ.

ವಸುಮತಿ ಹಿಂದೆ ಸರಿದು ಬಾಗಿಲು ಮುಚ್ಚಿದಳು.

ಬೋಗುಣಿಯಲ್ಲಿದ್ದವು ಸಯಾಮ್ ದೇಶದ ಕಾಳಗದ ಮೀನುಗಳು. ಅವಳ ಗಂಡ ಗಜಾನನ ಕಾರವಾರದ ಕೋರ್ಟಿನಲ್ಲಿ ವಕೀಲ. ಹಡಗಿನಲ್ಲಿ ಕೆಲಸ ಮಾಡುವ ಅವನ ಕಕ್ಷಿಗಾರ ಕುಪ್ಪ ಸಿಂಗಾಪುರದಿಂದ ಅವನ್ನು ತಂದುಕೊಟ್ಟಿದ್ದ. "ಒಂದ್ರಾಗೆ ಬಿಡ್ಬೇಡಿ, ಕಾದಾಡಿ ಸಾಯ್ತವೆ. ಬೋಗುಣಿ ಸಣ್ಣದಾದ್ರೂ ಅಡ್ಡಿಲ್ಲ, ಇವು ಮೇಲೆ ಬಂದು ಗಾಳಿ ಕುಡೀತವೆ" ಎಂದಿದ್ದ. ಬೋಗುಣಿಗಳು ಒಂದೊಂದು ತೆಂಗಿನಕಾಯಿ ಹಿಡಿಯುವಷ್ಟಿದ್ದವು. ರಾಮನಗುಳಿಯಿಂದ ಎರಡನೇ ಹೆಂಡತಿಯಾಗಿ ಬಂದಿದ್ದ ವಸುಮತಿಗೆ ಆ ದೊಡ್ಡ ಮನೆಯಲ್ಲಿ ಮಾತಾಡಲು ಸಿಕ್ಕದ್ದು ಆ ಎರಡು ಮೀನುಗಳೇ.

ಮೊದಲನೇ ಹೆಂಡತಿ ಈ ಮನೆಯಲ್ಲೇ ತೀರಿಕೊಂಡಿದ್ದಳು. ಹೇಗೆಂದು ಯಾರೂ ಹೇಳಿರಲಿಲ್ಲ. ತೋಡೂರಿನಿಂದ ತರಕಾರಿ ತರುವ ನಾಗಿ ಮಾತ್ರ ಒಮ್ಮೆ ಪಿಸುಗುಟ್ಟಿದ್ದಳು — "ಗಟ್ಟಿಮುಟ್ಟಾಗೇ ಇದ್ರಮ್ಮ. ಏನಾಯ್ತೋ, ದೇವರಿಗೇ ಗೊತ್ತು."

ಗಜಾನನ ಮೊಕದ್ದಮೆಗೆಂದು ಕುಮಟೆಗೆ ಹೋಗಿದ್ದ. ವಸುಮತಿ ಕೋಣೆಯ ಚಿಲಕ ಹಾಕಿಕೊಂಡಳು. ಕಿಟಕಿಯಿಂದಲೇ ನಾಗಿಯನ್ನು ಕರೆದು, ಬಾಡಿಗೆ ಮೋಟಾರಿನ ಚಾಲಕನ ಕೈಲಿ ಅಂಕೋಲೆಗೆ ಹೇಳಿಕಳಿಸಿದಳು — ತುಳಸಿದಾಸ ಮಾಮ ಕೂಡಲೇ ಬರಬೇಕು.

ತುಳಸಿದಾಸ ಅವಳ ತಂದೆಯ ಸ್ನೇಹಿತ. ಪೊಲೀಸ್ ಜಮಾದಾರನಾಗಿ ನಿವೃತ್ತನಾದವನು. ಮರುದಿನ ಬಿಣಗಾ ಘಾಟಿ ಹತ್ತಿಳಿದು ಬಂದಾಗ ಅವನ ಕೋಟೆಲ್ಲ ಕೆಂಪು ಧೂಳು.

"ಬಾಗಿಲು ಹಾಕಿದ್ದು ಎಂತಕ್ಕೆ ತಂಗೀ?"

"ಮೆಲ್ಲಗೆ ಮಾಮಾ! ಅತ್ತಿಗೆ ಅಡಿಗೆಮನೇಲಿ ಇದ್ದಾರೆ."

"ಊಟ ಆತಾ?"

"ಇಲ್ಲೆ. ನಿನ್ನೆಯಿಂದ ಬರೀ ಎಳನೀರು. ನಾಗಿ ನನ್ನ ಕಣ್ಣೆದುರೇ ಕೆತ್ತಿ ಕೊಟ್ಟಿದ್ದು." ಕುಪ್ಪ ಹೇಳಿದ್ದರಿಂದ ಹಿಡಿದು ಅತ್ತಿಗೆ ಹಿತ್ತಲಿಗೆ ಹೋದದ್ದರವರೆಗೆ ಎಲ್ಲ ಪಿಸುಗುಟ್ಟಿದಳು. "ಮೊದಲು ಮೀನಿನ ಮೇಲೆ ವಿಷ ಪರೀಕ್ಷೆ ಮಾಡಿದಾರೆ ಮಾಮಾ. ಮುಂದೆ ನಾನು."

"ವಿಷ ಎಲ್ಲಿ ಹಾಕಿದ್ದು?"

"ಹಂಡೆಗೆ. ಬೋಗುಣಿಗೆ ಹೊಯ್ಯೋದೂ, ನಾನು ಕುಡಿಯೋದೂ ಅದೇ ನೀರು."

"ದೇವಕಿಯಮ್ಮ ಯಾವ ನೀರು ಕುಡೀತಾರೆ?"

ವಸುಮತಿ ತಡವರಿಸಿದಳು. "ಅವರು... ತಮ್ಮ ಮಡಿನೀರು ತಾವೇ ಸೇದಿಕೊಳ್ತಾರೆ."

ತುಳಸಿದಾಸನ ಹುಬ್ಬು ಗಂಟಾಯಿತು.

"ನಿನ್ನೆ ಹಿತ್ತಲಿಗೆ ಹೋದವರು ಆಮೇಲೆ ಎಂತ ಮಾಡಿದರು?"

"ಮಿಂದರು. ಬೆಳಿಗ್ಗೆ ಒಮ್ಮೆ ಮಿಂದಾಗಿತ್ತು. ಮತ್ತೆ ಬಾವಿಕಟ್ಟೆಯಲ್ಲಿ ತಲೆ ಮೇಲೆ ಕೊಡ ಕೊಡ ನೀರು ಸುರಕೊಂಡರು. ಪಾಪ ತೊಳಕೊಂಡದ್ದು!"

"ಎರಡನೇ ಸಲ? ತಲೆಯಿಂದ?"

"ಹೌದು."

ಅವನು ಎದ್ದು ಕಿಟಕಿಯ ಬಳಿ ಹೋದ. ಪಡುವಣ ಬಿಸಿಲು ನೇರ ಗಾಜಿನ ಮೇಲೆ ಬೀಳುತ್ತಿತ್ತು. ಬೋಗುಣಿ ಮುಟ್ಟಿ ಚಟ್ಟನೆ ಕೈ ತೆಗೆದ. ಮತ್ತೆ ನೀರಿಗೆ ಬೆರಳಿಳಿಸಿ ತಳದ ಬಣ್ಣದ ಕಲ್ಲುಗಳನ್ನು ಕೆದಕಿದ. ಬೆಳ್ಳಗಿನ ಲೋಳೆ ಎದ್ದಿತು. ಮೂಸಿ ನೋಡಿ ಮುಖ ಕಿವುಚಿದ.

"ಅನ್ನ ಹಾಕ್ತಿದ್ದವರು ಯಾರು?"

"ನಾನೇ. ಮತ್ತೆ ಮತ್ತೆ ಮೇಲೆ ಬಂದು ಬಾಯಿ ತೆರೀತಿದ್ವು. ಪಾಪ, ಹಸಿವೆ ಹೇಳಿ ಎಣಿಸಿ ಹಾಕ್ತಿದ್ದೆ..."

"ನೀರು ತೆಗೆದು ಹೊಸದು ಹಾಕ್ತಿದ್ದೆಯಾ?"

"ಕಡಿಮೆಯಾದಷ್ಟು ಮೇಲಿಂದ ಹೊಯ್ತಿದ್ದೆ."

ತುಳಸಿದಾಸ ಥಟ್ಟನೆ ಬಾಗಿಲು ತೆರೆದ.

ಹೊರಗೆ ದೇವಕಿ ನಿಂತಿದ್ದಳು! ಕೈಯಲ್ಲೊಂದು ಲೋಟ. ವಸುಮತಿ ಚೀರಿ ಗೋಡೆಗೆ ಆತುಕೊಂಡಳು.

"ಗಂಜಿ ತಿಳಿ," ದೇವಕಿ ತಡವರಿಸಿದಳು. "ಹುಡುಗಿ ಏನೂ ತಿಂದಿದ್ದಿಲ್ಲೆ..."

"ಇಲ್ಲಿ ಕೊಡಿ."

"ಮಾಮಾ, ಬೇಡ! ಬೇಡ—"

ತುಳಸಿದಾಸ ಲೋಟ ಎತ್ತಿ ಗಟಗಟನೆ ಕುಡಿದುಬಿಟ್ಟ. ಅವನು ಮೀಸೆ ಒರೆಸಿಕೊಂಡ. "ಉಪ್ಪು ಒಂದು ಚೂರು ಹೆಚ್ಚಾಯ್ತು. ಈಗ ಹೇಳಿ ದೇವಕಿಯಮ್ಮಾ — ನೀಲಿ ಮೀನು ಎಲ್ಲಿ?"

ದೇವಕಿಯ ಮುಖ ಬಿಳಿಚಿಕೊಂಡಿತು. ತಲೆ ತಗ್ಗಿಸಿ ಹಿತ್ತಲಿಗೆ ನಡೆದಳು. ಇಬ್ಬರೂ ಹಿಂಬಾಲಿಸಿದರು. ವಸುಮತಿ ಜಮಾದಾರನ ಕೋಟಿನ ತುದಿ ಬಿಟ್ಟಿರಲಿಲ್ಲ.

ಬಾವಿಯ ಹಿಂದೆ, ಹಲಸಿನ ಮರದ ನೆರಳಿನಲ್ಲಿ, ದನಗಳಿಗೆ ನೀರು ಕುಡಿಸುತ್ತಿದ್ದ ಹಳೇ ಕಲ್ಲುಮರಿಗೆ. ಅದರ ತುಂಬ ಅಂತರಗಂಗೆ ಬೆಳೆದಿತ್ತು. ದೇವಕಿ ಎಲೆ ಸರಿಸಿದಳು.

ನೀಲಿ ಮೀನು ಸರ್ರನೆ ಬಂದು ರೆಕ್ಕೆ ಬಿಚ್ಚಿ ತಿರುಗಿತು. ಅಷ್ಟು ಉದ್ದದ ರೆಕ್ಕೆ ಇತ್ತೆಂದು ವಸುಮತಿಗೆ ಈವರೆಗೆ ಗೊತ್ತೇ ಇರಲಿಲ್ಲ.

"ಹಾಗಾದರೆ... ಕೆಂಪು ಮೀನನ್ನು ಕೊಂದದ್ದು ಯಾರು?"

"ನೀನು, ತಂಗೀ."

ಅವಳು ಬಾವಿಕಟ್ಟೆಯ ಮೇಲೆ ಕುಳಿತಳು.

"ನೀನು, ಮತ್ತೆ ಆ ಬೋಗುಣಿ. ಮೇಲೆ ಬಂದು ಗಾಳಿ ಕುಡೀತವೆ ಅಂದ ಕುಪ್ಪ. ಸುಳ್ಳಲ್ಲ. ನೀ ಅದನ್ನೇ ಹಸಿವೆ ಅಂದುಕೊಂಡೆ. ಹಾಕಿದ ಅನ್ನ ಕೊಳೀತು. ಹೊಲಸು ಹೊರಹೋಗಲಿಕ್ಕೆ ದಾರಿ ಇಲ್ಲೆ. ನಾವೂ ಗಾಳಿ ಕುಡಿದೇ ಬದುಕೋರು — ಹಾಗಂತ ಕೊಚ್ಚೆಗುಂಡಿಯಲ್ಲಿ ಸಂಸಾರ ಮಾಡ್ಲಿಕ್ಕಾಗ್ತದಾ? ಮೇಲಿಂದ ಬಿಸಿಲು. ಅಂಗೈಯಷ್ಟು ನೀರು ಮಧ್ಯಾಹ್ನ ಕಾಯ್ತದೆ, ರಾತ್ರಿ ತಣೀತದೆ. ಇಂಥ ಮರಿಗೆ ಆಗಿದ್ದರೆ ತಡಕೊಳ್ತಿತ್ತು. ಬೋಗುಣಿ ಎಂತ ತಡೀತದೆ?"

"ಅತ್ತಿಗೆಯೇ ಒಯ್ದದ್ದು ಹೇಳಿ ಹೇಗೆ ಗೊತ್ತಾತು?"

"ನೀನೇ ಹೇಳಿದೆಯಲ್ಲ, ಎರಡು ಸಲ ಮಿಂದರು ಅಂತ. ವಿಷ ಹಾಕಿದವಳು ಕೈ ತೊಳೀತಾಳೆ, ಅಷ್ಟೆ. ಮಡಿ ಹೆಂಗಸು ತಲೆಯಿಂದ ಮೀಯೋದು ಮುಟ್ಟಬಾರದ್ದು ಮುಟ್ಟಿದಾಗ. ಇವರು ಮುಟ್ಟಿದ್ದು ಮೀನು. ಸತ್ತದ್ದಾಗಿದ್ದರೆ ಕೋಲಲ್ಲಿ ಎತ್ತಿ ಎಸೀಬಹುದಿತ್ತು. ಜೀವಂತ ಮೀನನ್ನೇ ಸೆರಗಿನಡಿ ಮುಚ್ಚಿ ಒಯ್ಯಬೇಕಿತ್ತು."

ದೇವಕಿ ಮೆಲ್ಲಗೆ ಬಾಯಿ ಬಿಟ್ಟಳು. "ಕೆಂಪಿನದು ಸತ್ತೇ ಹೋಗಿತ್ತು. ಇದು ಮಗ್ಗುಲಾಗಿ ಬಿದ್ದು ಒದ್ದಾಡ್ತಿತ್ತು. ನೋಡಲಾಗಲಿಲ್ಲೆ. ತಂಬಿಗೆಗೆ ಹಾಕಿಕೊಂಡು ಬಂದೆ. ತಮ್ಮಂಗೆ ತಿಳಿದರೆ, ಮಡಿಯಲ್ಲಿ ಮೀನು ಮುಟ್ಟಿದೆ ಹೇಳಿ ಮನೆಯೆಲ್ಲ ರಂಪ..."

"ನನಗಾದರೂ ಹೇಳಬಹುದಿತ್ತಲ್ಲ ಅತ್ತಿಗೇ?"

"ಹೇಳ್ಲಿಕ್ಕೆ ಬಂದರೆ ನೀ ಚಿಲಕ ಹಾಕಿದೆ. ಊಟಕ್ಕೆ ಕರೆದರೆ ಓಗೊಡಲಿಲ್ಲೆ. ಹಿಂದಿನವಳೂ ಹೀಂಗೇ — ಮೊದಲು ಊಟ ಬಿಟ್ಟಳು. ಆಮೇಲೆ ಜ್ವರ ಏರಿತು, ಇಳೀಲೇ ಇಲ್ಲೆ. ನಿನ್ನೆ ರಾತ್ರಿಯೆಲ್ಲ ನಿನ್ನ ಬಾಗಿಲಿಗೆ ಕಿವಿ ಕೊಟ್ಟು ಕೂತಿದ್ದೆ, ಉಸಿರು ಕೇಳ್ತದಾ ಹೇಳಿ. ನಂಗೆಷ್ಟು ಹೆದರಿಕೆ ಆಗಿತ್ತು ಗೊತ್ತಿದ್ದಾ?"

ತುಳಸಿದಾಸ ಸದ್ದಿಲ್ಲದೆ ಅಂಗಳದತ್ತ ಹೊರಟುಹೋದ.

ವಸುಮತಿ ಬಾವಿಕಟ್ಟೆಯ ಮೇಲೆ ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

"ಕೂತ್ಕೊಳ್ಳಿ ಅತ್ತಿಗೇ. ಆ ಹಿಂದಿನವಳ ಹೆಸರು ಎಂತದು?"

ಆ ಮನೆಯಲ್ಲಿ ಯಾರೂ ಎತ್ತದ ಹೆಸರು ಅದು. ದೇವಕಿ ಕಣ್ಣೊರೆಸಿಕೊಂಡು ಕುಳಿತಳು.

"ದುರ್ಗಾ," ಎಂದಳು. "ನಿನ್ನ ಹಾಂಗೇ, ಬಾಯ್ತುಂಬ ಮಾತಾಡುವವಳು."